ಕೋಳಿ ಫೀಡ್‌ನ ಶಕ್ತಿ ಲೆಕ್ಕ
ಬ್ರಾಯ್ಲರ್ ಕೋಳಿಯನ್ನ ಒಂದು ಎಂಜಿನ್ ಅಂದ್ಕೊಳ್ಳಿ. ಮೆಕ್ಕೆಜೋಳ, ಎಣ್ಣೆ ಅದರ ಇಂಧನ. ಒಂದು ಕಿಲೋ ಫೀಡ್‌ನಲ್ಲಿ ದೇಹಕ್ಕೆ ದಕ್ಕುವ ಶಕ್ತಿ ಸುಮಾರು 3000 ಕಿಲೋಕ್ಯಾಲರಿ ಇರುತ್ತೆ. ಶಕ್ತಿ ಜಾಸ್ತಿಯಾದ್ರೆ ಕೋಳಿ ಕಡಿಮೆ ತಿನ್ನುತ್ತೆ, ಪ್ರೋಟೀನೂ ಕಡಿಮೆ ಸಿಗುತ್ತೆ. ಅದಕ್ಕೇ ಎರಡರ ಅನುಪಾತ ಮುಖ್ಯ.

ಫೀಡ್ ಅಡಿಟಿವ್‌ಗಳಲ್ಲಿ ಕೆಲವು ಇದೇ ಶಕ್ತಿ ವ್ಯರ್ಥ ಆಗದಂತೆ ನೋಡ್ಕೊಳ್ಳುತ್ತವೆ. ಗೋಧಿಯಲ್ಲಿರುವ ಒಂದು ಬಗೆಯ ನಾರು ಕರುಳಲ್ಲಿ ಅಂಟಾಗಿ ಜೀರ್ಣಕ್ರಿಯೆಗೆ ಅಡ್ಡಿ ಮಾಡುತ್ತೆ. ಜೈಲನೇಸ್ ಎಂಬ ಕಿಣ್ವ ಅದನ್ನ ಒಡೆಯುತ್ತೆ.

ಬೇಗ ಬೆಳೆಯಲಿ ಅಂತ ಆ್ಯಂಟಿಬಯೋಟಿಕ್ ಹಾಕೋದ್ರಲ್ಲಿ ಅಪಾಯ ಇದೆ: ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ನಮಗೂ ಹರಡಬಹುದು. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾದ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಬಳಸೋದನ್ನ ಭಾರತ 2019ರಲ್ಲಿ ನಿಷೇಧಿಸಿತು. ಫೀಡ್‌ನ ಲೆಕ್ಕ ಹಾಕುವಾಗ ಈ ಖರ್ಚನ್ನೂ ಸೇರಿಸ್ಬೇಕು.