ಹಳೆಯ ಗಣಕಯಂತ್ರಕ್ಕೆ ಲಿನಕ್ಸ್: ಮೊದಲು ಕಡತ, ಆಮೇಲೆ ಅಳವಡಿಕೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಂದು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಪಂಚಾಯಿತಿಗಳು ಹಳೆಯ ಗಣಕಯಂತ್ರಗಳನ್ನು ಗುಜರಿಗೆ ಹಾಕಬೇಕಾಗಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಅದನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆ ಮಾಡಿ, ಪ್ರಿಂಟರ್ ಕೆಲಸ ಮಾಡುವುದೇ ಎಂದು ಮೊದಲು ಪರೀಕ್ಷಿಸಬಹುದು.

ಹೊಸಬರು ಎಡವುವುದು ಅನಂತರದ ಹಂತದಲ್ಲಿ. ‘ಇರೇಸ್ ಡಿಸ್ಕ್’ ಎಂಬ ಆಯ್ಕೆಯನ್ನು ಒತ್ತಿದರೆ ಠರಾವು, ತೆರಿಗೆ ಪಟ್ಟಿಗಳೆಲ್ಲವೂ ಅಳಿದುಹೋಗುತ್ತವೆ. ಆದುದರಿಂದ ಕಡತಗಳನ್ನು ಎರಡು ಕಡೆ ನಕಲಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ಹಳೆಯ ನುಡಿ ಅಕ್ಷರದ ಕಡತಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣಬಹುದು. ಕಡತ ಕೆಟ್ಟಿತೆಂದು ಗಾಬರಿಯಿಂದ ಅಳಿಸಬಾರದು. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಈ ಪೇಚಾಟವೇ ಇಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವ ಯಂತ್ರವನ್ನು ಮಾತ್ರ ಸದ್ಯಕ್ಕೆ ಮುಟ್ಟದಿರುವುದೇ ಲೇಸು.