ಪುಡಿಯ ಧೂಳುತನ: ಅಳೆಯುವ ಬಗೆಗಳ ಒಂದು ಹೋಲಿಕೆ

ಕಳೆದ ಪುಷ್ಯ ಮಾಸದಲ್ಲಿ ನಮ್ಮ ಸಂಘದ ಕೆಲವು ಸದಸ್ಯರು ವಿಜಯಪುರದ ಕಡೆ ಪ್ರವಾಸ ಹೋಗಿದ್ದೆವು. ಬಬಲೇಶ್ವರದ ಕಡೆಯ ಕಾಖಂಡಕಿಯ ಬಳಿ, ಪರಿಚಿತರೊಬ್ಬರ ದ್ರಾಕ್ಷಿ ತೋಟದಲ್ಲಿ ಬೂದಿ ರೋಗಕ್ಕೆ ಗಂಧಕ ಕಲಸುತ್ತಿದ್ದರು. ಆಳು ಪೊಟ್ಟಣದ ಬಾಯಿ ಹರಿದು ಡ್ರಮ್ಮಿಗೆ ಸುರಿದದ್ದೇ ತಡ, ಮಸುಕು ಹಳದಿ ಮೋಡವೊಂದು ಎದ್ದು ಅವನ ಮುಖವನ್ನು ಮುಚ್ಚಿತು. ಪಕ್ಕದ ಡ್ರಮ್ಮಿಗೆ ಸುರಿದದ್ದೂ ಶೇಕಡ 80ರ ಗಂಧಕವೇ, ಆದರೆ ಹರಳು ಮಾಡಿದ್ದು. ಅದು ಸುಮ್ಮನೆ ನೀರಿಗಿಳಿಯಿತು. ಆಳು ಕಣ್ಣೊರೆಸಿಕೊಳ್ಳುತ್ತ, “ಈ ಪುಡಿ ಪಾಕೀಟು ಹರದ್ರ ಸಾಕ್ರಿ, ಬೆಳೀಗೆ ಹೋಗೂಕಿಂತ ಮೊದಲ ಮೂಗಿಗೆ ಬರತೈತಿ. ಕಾಳಿಂದು ಹಂಗ ಮಾಡಂಗಿಲ್ಲ. ಆದ್ರ ಅದು ತುಟ್ಟಿ ಆತಲ್ರಿ” ಎಂದ.

ಇದೇ ಮಾತು ನಮ್ಮಲ್ಲಿ ಸುಣ್ಣದ ಬಗ್ಗೆ ಬರುತ್ತದೆ. ಬೋರ್ಡೋ ದ್ರಾವಣ ಎಂದರೆ ಎಲ್ಲರ ಗಮನವೂ ಮೈಲುತುತ್ತದ ಮೇಲೆ. ಹರಳಿನ ಮೈಲುತುತ್ತ ಅಷ್ಟಾಗಿ ಹಾರುವುದಿಲ್ಲ. ಕಣ್ಣಿಗೆ, ಗಂಟಲಿಗೆ ಹೋಗುವುದು ಸುಣ್ಣದ ಪುಡಿ. (ಸಿಂಪಡಿಸಿದ ತುಂತುರಿನ ಸಂಗತಿ ಬೇರೆ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಬೋರ್ಡೋ ಹೊಡೆಯುವವರ ಶ್ವಾಸಕೋಶದ ಕಾಯಿಲೆಯನ್ನು ವೈದ್ಯರು 1969ರಲ್ಲೇ ವರ್ಣಿಸಿದ್ದಾರೆ.) ಧೂಳಿನ ಚಿಂತೆ ನಮ್ಮ ನಾಡಿಗೆ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಗಳ ದೆಸೆಯಿಂದ ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ಮಾಡಿತ್ತು.

ಇಲ್ಲಿ ಎರಡು ಅಳತೆಗಳನ್ನು ಬೆರೆಸಬಾರದು. ಅಡುಗೆಮನೆಯಲ್ಲಿ ಈಗ ಎಷ್ಟು ಹೊಗೆ ಇದೆ ಎಂಬುದು ಒಂದು. ಒಲೆಗಿಟ್ಟ ಸೌದೆ ಎಷ್ಟು ಹೊಗೆಯಾಡುವ ಜಾತಿಯದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೆಲಸಗಾರನ ಎದೆಯ ಮೇಲೆ, ಉಸಿರಾಡುವ ಜಾಗದ ಹತ್ತಿರ, ಶೋಧಕವಿರುವ ಪುಟ್ಟ ಡಬ್ಬಿ ಸಿಕ್ಕಿಸಿ, ಸೊಂಟದ ಪಂಪಿನಿಂದ ಗಾಳಿ ಎಳೆದು, ಕೊನೆಗೆ ಶೋಧಕವನ್ನು ತೂಗುತ್ತಾರೆ. ಒಂದು ಘನ ಮೀಟರ್ ಗಾಳಿಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಬರುತ್ತದೆ. ಅದು ಆ ದಿನದ, ಆ ಶೆಡ್ಡಿನ, ಆ ಗಾಳಿಯ ಲೆಕ್ಕ. ಎರಡನೆಯದು ಪುಡಿಯ ಸ್ವಭಾವ, ಅಂದರೆ ಧೂಳುತನ. ಒಂದು ಕಿಲೋ ಪುಡಿಗೆ ಇಷ್ಟು ಮಿಲಿಗ್ರಾಂ ಧೂಳು ಎಂದು ಹೇಳುತ್ತಾರೆ. ಕೊಳ್ಳುವವರಿಗೆ ಬೇಕಾದದ್ದು ಇದು.

ಇದಕ್ಕೆ ಯುರೋಪಿನಲ್ಲಿ 2006ರಲ್ಲಿ ಇಎನ್ 15051 ಎಂಬ ಮಾನಕ ಬಂತು. 2013ರಲ್ಲಿ ಅದನ್ನು ಪರಿಷ್ಕರಿಸಿದರು. ಅದರಲ್ಲಿ ಎರಡು ವಿಧಾನಗಳಿವೆ. ಮೊದಲನೆಯದು ತಿರುಗುವ ಡ್ರಮ್. ಒಳಗೆ ಅಡ್ಡಪಟ್ಟಿಗಳಿರುವ, 30 ಸೆಂಟಿಮೀಟರ್ ವ್ಯಾಸದ ಡ್ರಮ್ಮಿಗೆ 35 ಘನ ಸೆಂಟಿಮೀಟರ್ ಪುಡಿ ಹಾಕಿ, ನಿಮಿಷಕ್ಕೆ 4 ಸುತ್ತಿನಂತೆ ಒಂದು ನಿಮಿಷ ತಿರುಗಿಸುತ್ತಾರೆ. ಪುಡಿ ಮೇಲೇರಿ ಮತ್ತೆ ಮತ್ತೆ ಬೀಳುತ್ತದೆ. ಎದ್ದ ಧೂಳನ್ನು ನಿಮಿಷಕ್ಕೆ 38 ಲೀಟರ್ ಗಾಳಿ ಎಳೆದೊಯ್ದು ಎರಡು ಬಗೆಯ ಫೋಮು, ಒಂದು ಶೋಧಕದ ಮೂಲಕ ಹಾಯಿಸುತ್ತದೆ. ಮೂಗು ಬಾಯಿಗೆ ಹೋಗುವ ಧೂಳೆಷ್ಟು, ಗಂಟಲು ದಾಟುವುದೆಷ್ಟು, ಶ್ವಾಸಕೋಶದ ತುದಿ ಮುಟ್ಟುವ ಸುಮಾರು 4 ಮೈಕ್ರಾನ್ ಆಸುಪಾಸಿನದೆಷ್ಟು ಎಂದು ಬೇರೆ ಬೇರೆ ತಿಳಿಯುತ್ತದೆ. ಎರಡನೆಯದು ಸತತ ಬೀಳುವಿಕೆ. ನಿಂತ ಕೊಳವೆಯೊಳಗೆ ಪುಡಿಯನ್ನು ನಿಧಾನವಾಗಿ ಸುರಿಯುತ್ತ, ಕೆಳಗಿನಿಂದ ಮೇಲಕ್ಕೆ ಗಾಳಿ ಹರಿಸಿ, ಮೇಲೇರಿದ ಧೂಳನ್ನು ಹಿಡಿಯುತ್ತಾರೆ.

ಎರಡೂ ಒಂದೇ ಉತ್ತರ ಕೊಡುತ್ತವೆಯೇ? ಇಲ್ಲ. ಡ್ರಮ್ಮಿನಲ್ಲಿ ಪುಡಿ ಪದೇ ಪದೇ ಉರುಳುವುದರಿಂದ ಗಟ್ಟಿಯಿಲ್ಲದ ಹರಳು ಒಡೆದು ಹೊಸ ಧೂಳು ಹುಟ್ಟಬಹುದು. ಕೊಳವೆಯಲ್ಲಿ ಪುಡಿ ಒಂದೇ ಸಲ ಬೀಳುತ್ತದೆ. ಒಂದರಲ್ಲಿ ಮೇಲಿನ ದರ್ಜೆ ಪಡೆದ ಪುಡಿ ಇನ್ನೊಂದರಲ್ಲಿ ಕೆಳಗಿಳಿಯಲೂಬಹುದು. ಹಾಗಾಗಿ ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕಕ್ಕಿಡುವುದು ಸೇರನ್ನು ಕಿಲೋಗೆ ಹೋಲಿಸಿದಂತೆ. ನಮ್ಮ ಕೆಲಸವನ್ನು ಯಾವುದು ಹೋಲುತ್ತದೋ ಅದನ್ನು ನೋಡಬೇಕು. ಚೀಲದಿಂದ ಡ್ರಮ್ಮಿಗೆ ಸುರಿಯುವವರಿಗೆ ಬೀಳುವ ಬಗೆ ಹತ್ತಿರ. ಸಲಿಕೆಯಲ್ಲಿ ಮಗುಚುವವರಿಗೆ ಡ್ರಮ್ಮು. ಹರಳಿನ ಔಷಧಗಳಿಗೆ ಸಿಪಾಕ್ ಸಂಸ್ಥೆಯ ಎಂಟಿ 171 ಎಂಬ ಬೇರೆಯೇ ಪರೀಕ್ಷೆಯಿದೆ: 30 ಗ್ರಾಂ ಹರಳನ್ನು 60 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ ಎದ್ದ ಧೂಳನ್ನು ಅಳೆಯುತ್ತಾರೆ. ಬೀಜೋಪಚಾರದ ಧೂಳಿಗೆ ಹೊಯ್‌ಬಾಕ್ ಯಂತ್ರ. ಜರ್ಮನಿಯ ರೈನ್ ಕಣಿವೆಯಲ್ಲಿ 2008ರಲ್ಲಿ ಮೆಕ್ಕೆಜೋಳದ ಬೀಜದಿಂದ ಉದುರಿದ ಔಷಧದ ಧೂಳಿಗೆ ಜೇನುಗಳು ಸತ್ತ ಮೇಲೆ ಈ ಅಳತೆಗೆ ಮಹತ್ವ ಬಂತು. ಜೇನು ಸಾಕುವ ನಮ್ಮ ಸದಸ್ಯರು ಇದನ್ನು ಮರೆಯಬಾರದು.

ಈ ಯಂತ್ರಗಳು ನಮ್ಮ ಕೈಗೆಟುಕುವುದಿಲ್ಲ. ಆದರೆ ಗೋದಾಮಿನಲ್ಲಿ ಒಂದು ಹೋಲಿಕೆ ಮಾಡಿ ನೋಡಿದೆವು. ಹೆಂಚಿನ ಸಂದಿಯ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ಎಲ್ಲರೂ ಕಂಡಿದ್ದೀರಿ, ಅದೇ ತತ್ತ್ವ. ಬಾಗಿಲು ಮುಚ್ಚಿ, ಮೂಗಿಗೆ ಮುಖವಾಡ, ಕಣ್ಣಿಗೆ ಕನ್ನಡಕ ಹಾಕಿ, ಒಂದೇ ಲೋಟದಲ್ಲಿ ಒಂದೇ ಎತ್ತರದಿಂದ ಎರಡು ಚೀಲಗಳ ಸುಣ್ಣವನ್ನು ಒಂದಾದ ಮೇಲೊಂದು ತಟ್ಟೆಗೆ ಸುರಿದು, ಅಡ್ಡಲಾಗಿ ಟಾರ್ಚ್ ಬಿಟ್ಟು, ಬೆಳಕಿನ ಎದುರು ದಿಕ್ಕಿನಿಂದ ನೋಡಬೇಕು. ಮಾಮೂಲಿ ಬೆಳಕಿನಲ್ಲಿ ಕಾಣದ ಸಣ್ಣ ಧೂಳೂ ಕಾಣುತ್ತದೆ.

ಮೊದಲ ಸಲ ಆಷಾಢದ ಮಳೆಯಲ್ಲಿ ಮಾಡಿ ಬೇಸ್ತುಬಿದ್ದೆವು. ಬಾಯಿ ತೆರೆದಿಟ್ಟ ಎರಡೂ ಚೀಲ ತೇವ ಎಳೆದು, ಎರಡೂ ಸಾಧುಗಳಂತೆ ಕಂಡವು. ಪ್ರಯೋಗಾಲಯದವರು ಗಾಳಿಯ ತೇವವನ್ನು ಒಂದೇ ಮಟ್ಟದಲ್ಲಿಡುವುದು ಇದಕ್ಕೇ. ಕಾಖಂಡಕಿಯ ಒಣ ಗಾಳಿಯಲ್ಲಿ ಹಾರುವ ಪುಡಿ ನಮ್ಮ ಮಳೆಗಾಲದಲ್ಲಿ ಮುದ್ದೆಯಾಗಿ ಕೂರುತ್ತದೆ. ಕಾರ್ತಿಕ ಕಳೆದ ಮೇಲೆ, ಬಿಗಿಯಾಗಿ ಕಟ್ಟಿದ್ದ ಹೊಸ ಚೀಲಗಳಿಂದ ಮತ್ತೆ ಸುರಿದೆವು. ಅಗ್ಗದ ಸುಣ್ಣದ ಧೂಳು ಟಾರ್ಚಿನ ಬೆಳಕಿನಲ್ಲಿ ಬಹಳ ಹೊತ್ತು ತೇಲುತ್ತಲೇ ಇತ್ತು. ಇನ್ನೊಂದು ಬೇಗ ತಿಳಿಯಾಯಿತು. ಈ ವರ್ಷ ಸಂಘ ತರಿಸಿರುವುದು ಎರಡನೆಯದನ್ನು. ಚೀಲಕ್ಕೆ ಬೆಲೆ ಏಕೆ ಹೆಚ್ಚೆಂದು ಕೇಳುವ ಸದಸ್ಯರು ಒಂದು ಸಂಜೆ ಗೋದಾಮಿಗೆ ಬಂದರೆ ಟಾರ್ಚ್ ಹಾಕಿ ತೋರಿಸುತ್ತೇವೆ.