ಹಳೆಯ ಯಂತ್ರದೋಣಿಯನ್ನು ನೀರಿಗಿಳಿಸುವ ಮುನ್ನ

ಶ್ರಾವಣದ ಹುಣ್ಣಿಮೆಯಂದು ಮುಂಬಯಿಯ ಕೋಳಿ ಮೀನುಗಾರರೂ ಕರ್ನಾಟಕ ಕರಾವಳಿಯ ಮೊಗವೀರರೂ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ ಸಲ್ಲಿಸುತ್ತಾರೆ. ಮಳೆಗಾಲದಲ್ಲಿ ದಡಕ್ಕೆಳೆದಿದ್ದ ದೋಣಿಗಳು ಮತ್ತೆ ನೀರಿಗಿಳಿಯುವ ಕಾಲವದು. ಹೊಸ ದೋಣಿ ಕೊಳ್ಳಲು ಶಕ್ತಿಯಿಲ್ಲದ ಅನೇಕರು ಔಟ್‌ಬೋರ್ಡ್ ಎಂಜಿನ್ ಜೋಡಿಸಿದ ಹಳೆಯ ಫೈಬರ್ ದೋಣಿಯೊಂದನ್ನು ಉಳಿತಾಯದ ಹಣದಿಂದ ಕೊಂಡುಕೊಳ್ಳುತ್ತಾರೆ. ಬಣ್ಣ ಹೊಸದಾದ ಮಾತ್ರಕ್ಕೆ ದೋಣಿ ಹೊಸದಾಗದೆಂಬುದನ್ನು ಅವರು ಮರೆಯಬಾರದು. ಹಿಂದಿನ ಬಳಕೆಯ ವಿವರ ತಿಳಿಯದ ದೋಣಿಯ ಪ್ರತಿಯೊಂದು ಭಾಗವನ್ನೂ ದಡದಲ್ಲಿಯೇ ಪರೀಕ್ಷಿಸುವುದು ಅತ್ಯಗತ್ಯ.

ಒಡಲಿನ ಪರೀಕ್ಷೆ

ಮೊದಲು ದೋಣಿಯ ತಳವನ್ನು ಸಿಹಿನೀರಿನಿಂದ ತೊಳೆದು, ಚಿಪ್ಪು, ಪಾಚಿಗಳನ್ನು ಕೆರೆದು, ಒಣಗಲು ಬಿಡಬೇಕು. ಬಳಿಕ ಚಿಕ್ಕ ಮರದ ಸುತ್ತಿಗೆಯಿಂದ ಅಡಿಯಿಂದ ಅಂಚಿನವರೆಗೆ ಮೆಲ್ಲನೆ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಭಾಗದಲ್ಲಿ ಸ್ಪಷ್ಟವಾದ ದನಿ ಕೇಳಿಬರುತ್ತದೆ. ದನಿ ಮಂದವಾಗಿದ್ದರೆ ಒಳಗಿನ ಪದರಗಳು ಬಿಟ್ಟುಕೊಂಡಿವೆ ಅಥವಾ ತೇವ ಸೇರಿದೆ ಎಂದು ಶಂಕಿಸಬೇಕು.

ಎಂಜಿನ್ ತೂಗುಬಿದ್ದಿರುವ ಹಿಂಬದಿಯ ಗೋಡೆಗೆ ವಿಶೇಷ ಗಮನ ಬೇಕು. ಅನೇಕ ದೋಣಿಗಳಲ್ಲಿ ಈ ಗೋಡೆಯ ಫೈಬರ್ ಹೊದಿಕೆಯೊಳಗೆ ಪ್ಲೈವುಡ್ ಹಲಗೆಯಿರುತ್ತದೆ. ಬೋಲ್ಟುಗಳ ರಂಧ್ರದ ಮೂಲಕ ಒಳಹೊಕ್ಕ ನೀರು ಈ ಹಲಗೆಯನ್ನು ಹೊರಗೆ ಕಾಣದಂತೆ ಕೊಳೆಯಿಸುತ್ತದೆ. ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಿದಾಗ ಗೋಡೆ ಬಾಗಿದರೆ, ಅಥವಾ ಬೋಲ್ಟಿನ ಸುತ್ತ ಬಿರುಕು ಕಂಡರೆ, ದುರಸ್ತಿಯಾಗುವವರೆಗೆ ಆ ದೋಣಿಯನ್ನು ಬಳಸಕೂಡದು.

ನೆಲಹಾಸಿನಡಿಯ ತೇಲುವ ಫೋಮ್ ನೀರು ಹೀರಿಕೊಂಡಿದೆಯೇ ಎಂಬುದನ್ನೂ ನೋಡಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋಗ್ರಾಂ ಭಾರ. ತೇಲಿಸಬೇಕಾದ ವಸ್ತುವೇ ಹೀಗೆ ಹೊರೆಯಾದರೆ ದೋಣಿ ನೀರಿನಲ್ಲಿ ತಗ್ಗಿ ಕೂರುತ್ತದೆ. ಅಲೆಗಳು ಸುಲಭವಾಗಿ ಒಳನುಗ್ಗುತ್ತವೆ.

ಎಂಜಿನ್ನಿನ ಸಿದ್ಧತೆ

ಔಟ್‌ಬೋರ್ಡ್ ಎಂಜಿನ್ನನ್ನು ತಂಪಾಗಿಡುವುದು ಹೊರಗಿನಿಂದ ಎಳೆದುಕೊಂಡ ನೀರು. ಅದನ್ನು ಎಳೆಯುವ ಪಂಪಿನಲ್ಲಿ ರಬ್ಬರಿನ ರೆಕ್ಕೆಗಳುಳ್ಳ ಇಂಪೆಲ್ಲರ್ ಇರುತ್ತದೆ. ದೀರ್ಘಕಾಲ ಸುಮ್ಮನಿದ್ದಾಗ ಈ ರೆಕ್ಕೆಗಳು ಬಾಗಿ ಗಡುಸಾಗುತ್ತವೆ. ಆದುದರಿಂದ ಇತಿಹಾಸ ತಿಳಿಯದ ಎಂಜಿನ್ನಿನಲ್ಲಿ ಇಂಪೆಲ್ಲರನ್ನು ಬದಲಿಸುವುದೇ ಕ್ಷೇಮ. ಅದರ ಬೆಲೆ ಎಂಜಿನ್ನಿನ ಬೆಲೆಯ ಮುಂದೆ ಅತ್ಯಲ್ಪ. ನೀರಿನ ಪೂರೈಕೆಯಿಲ್ಲದೆ ಎಂಜಿನ್ನನ್ನು ದಡದಲ್ಲಿ ಒಂದು ಕ್ಷಣವೂ ಚಾಲೂ ಮಾಡಕೂಡದು. ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಚಾಲೂ ಮಾಡಿದಾಗ, ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆ ಎಡೆಬಿಡದೆ ಚಿಮ್ಮಬೇಕು. ಧಾರೆ ಕ್ಷೀಣವಾಗಿದ್ದರೆ ತಕ್ಷಣ ನಿಲ್ಲಿಸಿ ಕಾರಣ ಹುಡುಕಬೇಕು.

ಮುಂದಿನದು ಗೇರ್ ಎಣ್ಣೆ. ಕೆಳಗಿನ ತಿರುಪನ್ನು ಬಿಚ್ಚಿದಾಗ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಬೆರೆತಿದೆ ಎಂದರ್ಥ. ಹಲವು ವೇಳೆ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು ಕತ್ತರಿಸಿರುತ್ತದೆ. ಪ್ರೊಪೆಲ್ಲರನ್ನು ಕಳಚಿ ನೂಲನ್ನು ತೆಗೆದು, ಸೀಲನ್ನು ಬದಲಿಸಿ, ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ತುಂಬಬೇಕು.

ಎಂಜಿನ್ನಿಗೆ ಜೋಡಿಸಿದ ಸತುವಿನ ತುಂಡುಗಳು ಉಪ್ಪುನೀರಿನಲ್ಲಿ ತಾವು ಸವೆದು ಉಳಿದ ಲೋಹವನ್ನು ರಕ್ಷಿಸುತ್ತವೆ. ಅರ್ಧದಷ್ಟು ಸವೆದಾಗ ಅವುಗಳನ್ನು ಬದಲಿಸಬೇಕು. ಅವುಗಳ ಮೇಲೆ ಬಣ್ಣ ಬಳಿದರೆ ರಕ್ಷಣೆ ನಿಂತುಹೋಗುತ್ತದೆ.

ಇಂಧನ ಮತ್ತು ವಿದ್ಯುತ್

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲನ್ನು ತೆಗೆದುಹಾಕಬೇಕು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ತೇವ ಹೆಚ್ಚಾದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಬಿರುಕುಬಿಟ್ಟ, ಮೆತ್ತಗಾದ ಇಂಧನ ಕೊಳವೆಗಳನ್ನು ಬದಲಿಸಬೇಕು. ಎರಡು ಸ್ಟ್ರೋಕ್ ಎಂಜಿನ್ನುಗಳಲ್ಲಿ ಎಣ್ಣೆಯ ಪ್ರಮಾಣ ತಯಾರಕರ ಕೈಪಿಡಿಯಂತಿರಬೇಕು. ಲೀಟರಿಗೆ 20 ಮಿಲಿಲೀಟರ್ ಎಂದು ಸೂಚಿಸಿರುವ ಎಂಜಿನ್ನಿಗೆ ಅದಕ್ಕಿಂತ ಕಡಿಮೆ ಹಾಕಿದರೆ ಪಿಸ್ಟನ್ ಸಿಲುಕಿಕೊಳ್ಳುವ ಅಪಾಯವಿದೆ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಗ್ಗಿನಲ್ಲಿ ಶೇಖರವಾಗುತ್ತದೆ. ಒಂದು ಕಿಡಿ ಸಾಕು. ವಾಸನೆ ಬಂದಲ್ಲಿ ಗಾಳಿಯಾಡಿಸದೆ ಸ್ವಿಚ್ ಒತ್ತಕೂಡದು. ಬ್ಯಾಟರಿಯನ್ನು ಬಿಗಿಯಾಗಿ ಕಟ್ಟಿ, ಅದರ ತುದಿಗಳ ಕಿಲುಬನ್ನು ಒರೆಸಬೇಕು. ನೀರು ಹೊರಹಾಕುವ ಪಂಪನ್ನು ಬಕೆಟ್ ನೀರು ಸುರಿದು ಪರೀಕ್ಷಿಸಬೇಕು.

ರಕ್ಷಣಾ ಸಾಧನಗಳು ಮತ್ತು ದಾಖಲೆಗಳು

ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಲೈಫ್‌ಜಾಕೆಟ್ ಇರಬೇಕು. ಅದು ಮೂಲೆಯಲ್ಲಿ ಬಿದ್ದಿರದೆ ಮೈಮೇಲಿರಬೇಕು. ಚಾಲಕನು ನೀರಿಗೆ ಬಿದ್ದಾಗ ಎಂಜಿನ್ನನ್ನು ತಾನಾಗಿ ನಿಲ್ಲಿಸುವ ಹಗ್ಗವನ್ನು ಅವನ ಮೈಗೆ ಕಟ್ಟಿಕೊಳ್ಳತಕ್ಕದ್ದು. ಅಗ್ನಿಶಾಮಕ, ಲಂಗರು, ಹುಟ್ಟು, ಬಕೆಟ್, ಟಾರ್ಚು, ಬಿಡಿ ಸ್ಪಾರ್ಕ್ ಪ್ಲಗ್ಗುಗಳು ಜೊತೆಗಿರಲಿ. ಸಮುದ್ರದಲ್ಲಿ ಅಪಾಯವೊದಗಿದಾಗ ಭಾರತೀಯ ತಟರಕ್ಷಕ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು, ವಿ.ಎಚ್.ಎಫ್. ರೇಡಿಯೋ ಇದ್ದಲ್ಲಿ 16ನೆಯ ಚಾನೆಲ್ ಸಂಕಟಕರೆಗೆ ಮೀಸಲಾಗಿದೆ.

ನೋಂದಣಿ ಪತ್ರವನ್ನು ಖರೀದಿದಾರನ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಎಂಜಿನ್ನಿನ ಮೇಲಿನ ಸಂಖ್ಯೆಯೊಂದಿಗೆ ತಾಳೆಯಾಗಬೇಕು. ದಾಖಲೆ ಹಿಂದಿನ ಮಾಲೀಕನ ಹೆಸರಿನಲ್ಲಿಯೇ ಉಳಿದರೆ, ಅಪಘಾತದ ನಂತರ ಕುಟುಂಬಕ್ಕೆ ವಿಮೆಯ ಹಣ ದೊರೆಯುವುದು ತೊಡಕಾಗುತ್ತದೆ. ನದಿ, ಹಿನ್ನೀರುಗಳಲ್ಲಿ ಚಲಿಸುವ ಯಂತ್ರದೋಣಿಗಳ ನೋಂದಣಿಗೆ 2021ರ ಒಳನಾಡು ಜಲಯಾನಗಳ ಅಧಿನಿಯಮದಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ.

ಮೊದಲ ಪ್ರಯೋಗ

ನೀರಿಗಿಳಿಸುವ ಮುನ್ನ ತಳದ ಬಿರಡೆಯನ್ನು ಬಿಗಿದಿರುವುದನ್ನು ಇಬ್ಬರು ನೋಡಿ ಖಚಿತಪಡಿಸಿಕೊಳ್ಳಬೇಕು. ಹಗಲಿನಲ್ಲಿ, ಶಾಂತ ನೀರಿನಲ್ಲಿ, ಉಬ್ಬರ ಏರುತ್ತಿರುವ ವೇಳೆಯಲ್ಲಿ ಪ್ರಯೋಗ ನಡೆಸುವುದು ಉತ್ತಮ. ದೋಣಿ ತಳಹಿಡಿದರೂ ಏರುವ ನೀರು ಅದನ್ನು ಎತ್ತುತ್ತದೆ. ಹಗ್ಗದಿಂದ ದಡಕ್ಕೆ ಕಟ್ಟಿಯೇ ಒಂದು ಗಂಟೆ ತೇಲಲು ಬಿಟ್ಟು ಒಳಗೆ ನೀರು ಜಿನುಗುತ್ತಿದೆಯೇ ನೋಡಬೇಕು. ಬಳಿಕ ಮತ್ತೊಂದು ದೋಣಿಯ ಜೊತೆಯಲ್ಲಿ, ಬಲೆ ಮತ್ತು ಮಂಜುಗಡ್ಡೆಯ ಹೊರೆಯಿಲ್ಲದೆ, ನಿಧಾನವಾಗಿ ಚಲಿಸಿ ಹಿಂದಿರುಗಬೇಕು. ಹಿಂದಿರುಗಿದ ಮೇಲೆ ಬೋಲ್ಟುಗಳನ್ನೂ ತಳವನ್ನೂ ಮತ್ತೊಮ್ಮೆ ಪರಿಶೀಲಿಸಬೇಕು.

ಇಷ್ಟೆಲ್ಲ ಸಿದ್ಧತೆಗೆ ಕೆಲವು ದಿನಗಳು ಹಿಡಿಯಬಹುದು. ಋತುವಿನ ಮೊದಲ ಮೀನು ಅನ್ಯರ ಪಾಲಾಗಲೂಬಹುದು. ಆದರೆ ದಡದಲ್ಲಿ ಕಂಡುಬಂದ ದೋಷವನ್ನು ಮೆಕ್ಯಾನಿಕ್ ಸರಿಪಡಿಸಬಲ್ಲನು. ಅದೇ ದೋಷ ಕರಾವಳಿಯಿಂದ ಹಲವು ಕಿಲೋಮೀಟರ್ ದೂರದಲ್ಲಿ ತಲೆದೋರಿದರೆ, ದೋಣಿಯಲ್ಲಿರುವವರ ಪಾಲಿಗೆ ಹುಟ್ಟು, ಲೈಫ್‌ಜಾಕೆಟ್ ಮತ್ತು ಒಂದು ಕರೆಯಷ್ಟೇ ಉಳಿಯುತ್ತವೆ. ದುಡಿಯಲು ಹೋದವನು ಸಂಜೆ ಮನೆಗೆ ಮರಳಬೇಕಾದರೆ, ಹಳೆಯ ದೋಣಿಯ ಮೊದಲ ಪಯಣಕ್ಕೆ ಅವಸರ ಸಲ್ಲದು.